ಆಂಟಿ ಆರಿಸಿಟ್ಟ ಟ್ಯೂಬುಗಳು

ಆಂಟಿಯ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಚರ್ಮ ನುಣ್ಣಗೆ ಸವೆದು, ಬೆಳಕಿಗೆ ಹಿಡಿದರೆ ಸಣ್ಣಗೆ ಹೊಳೆಯುತ್ತಿತ್ತು. ಒಮ್ಮೆ ಹೊಸ ಫೋನು ಕೊಳ್ಳಲು ಹೋದಾಗ ಅಂಗಡಿಯವಳು ಬೆರಳಿಟ್ಟು ಲಾಕ್ ತೆಗೆಯುವುದನ್ನು ಕಲಿಸಲು ಹೊರಟಳು. ಫೋನು ಒಪ್ಪಲಿಲ್ಲ. ಬೆರಳು ಒರೆಸಿಕೊಂಡು ಇಡಿ ಎಂದು ನಾಲ್ಕು ಸಲ ಹೇಳಿದಳು. ಆಂಟಿ ನನ್ನ ಕಡೆ ತಿರುಗಿ, "ಇನ್ನು ಎಂತ ಒರೆಸುದು ಮಾರಾಯ್ತಿ? ಹದಿನಾರು ವರ್ಷ ಕಾರ್ಖಾನೆಯ ಅಸಿಟೋನಿನಲ್ಲಿ ಒರೆಸಿ ಆಗಿದೆ" ಎಂದರು. ಆಮೇಲೆ ನಂಬರ್ ಒತ್ತಿ ತೆಗೆಯುವ ಹಾಗೆ ಮಾಡಿಸಿಕೊಂಡು ಬಂದೆವು.

ಈ ಬರಹವನ್ನು ಸಮಾಧಾನದಿಂದ ಬರೆಯಬೇಕೆಂದು ಮೂರು ಸಲ ಕೂತೆ. ಮೂರು ಸಲವೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಪಿತ್ತ ನೆತ್ತಿಗೇರಿತು. ಇನ್ನು ಸಮಾಧಾನದ ಗೊಡವೆಯೇ ಬೇಡ. ಆಂಟಿ ನನ್ನಿಂದ ಕೇಳಿದ್ದು ಒಂದೇ ಒಂದು. ಮೆಲ್ಬರ್ನಿನ ಒಂದು ಶೆಡ್ಡಿನ ಗೋಡೆಗೆ ಹಾಕಿದ ಬೋರ್ಡಿನಲ್ಲಿ, ತಾವು ಮಾಡಿದ ಕೆಲಸದ ಪಕ್ಕ ತಮ್ಮ ಹೆಸರಿರಬೇಕು, ಅದನ್ನು ತಾವು ಕಣ್ಣಾರೆ ನೋಡಬೇಕು. ಅಷ್ಟೇ. ಅದಕ್ಕೆ ಅಡ್ಡ ನಿಂತವರು ಯಾರು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

2012ರಲ್ಲಿ ದಾವಣಗೆರೆಯಿಂದ ಸಿಡ್ನಿಗೆ ಓದಲು ಬಂದಾಗ ಎಪ್ಪಿಂಗಿನಲ್ಲಿ ಆಂಟಿಯ ಎರಡು ಬೆಡ್‌ರೂಮಿನ ಯೂನಿಟ್‌ನಲ್ಲಿ ಒಂದು ರೂಮು ನನಗೆ ಸಿಕ್ಕಿತು. ಇಂಡಿಯನ್ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ಅವರು ಕನ್ನಡದಲ್ಲೂ ಒಂದು ಸಾಲು ಬರೆದಿದ್ದರು: "ಗಲಾಟೆ ಇಲ್ಲದ ಹುಡುಗಿ ಬೇಕು." ನಾನು ಗಲಾಟೆಯವಳೇ. ಆದರೂ ಹೋದೆ. ಅವರು ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಒಂದು ನಿಮಿಷ ನೋಡಿದರು. "ಮೂಗಿನ ಮೇಲೆ ಕೋಪ ಉಂಟು ನಿಂಗೆ. ಅಡ್ಡಿಲ್ಲ. ಚಾ ಕುಡೀತಿಯಾ?" ಎಂದರು. ಅಲ್ಲಿಗೆ ಇಂಟರ್‌ವ್ಯೂ ಮುಗಿಯಿತು.

ಅವರು ಮಂಗಳೂರು ಕಡೆಯ ಕ್ಯಾಥೊಲಿಕರು. ಮನೆಮಾತು ಕೊಂಕಣಿ. ಹತ್ತೊಂಬತ್ತನೆಯ ವಯಸ್ಸಿಗೆ ಬೆಂಗಳೂರಿಗೆ ಬಂದು, ರೇಡಿಯೋ ವಾಲ್ವ್ ತಯಾರಿಸುವ ಕಾರ್ಖಾನೆ ಸೇರಿದರು. ಕೂದಲೆಳೆಯಂಥ ತಂತಿಗಳನ್ನು ಚಿಮಟದಲ್ಲಿ ಹಿಡಿದು ಜೋಡಿಸುವ ಆ ಕೆಲಸಕ್ಕೆ ಸಾಲುಸಾಲಾಗಿ ಹೆಂಗಸರನ್ನೇ ಕೂರಿಸುತ್ತಿದ್ದರಂತೆ. ಹೂ ಮುಡಿಯುವ ಹಾಗಿಲ್ಲ, ಪೌಡರ್ ಹಚ್ಚುವ ಹಾಗಿಲ್ಲ, ಬಳೆ ತೆಗೆದಿಟ್ಟು ಒಳಗೆ ಹೋಗಬೇಕು. ನಾಲ್ಕು ವರ್ಷದಲ್ಲಿ ಅವರನ್ನು ಇನ್‌ಸ್ಪೆಕ್ಷನ್ನಿಗೆ ಹಾಕಿದರು. ವಾಲ್ವುಗಳ ಜೊತೆಗೆ ಅಲ್ಲೇ ತಯಾರಾಗುತ್ತಿದ್ದ ಗಾಜಿನ ಪಿಕ್ಚರ್ ಟ್ಯೂಬುಗಳನ್ನು ಕತ್ತಲೆಯಲ್ಲಿ ಬೆಳಗಿಸಿ, ಯಾವುದರ ಒಳಲೇಪದಲ್ಲಿ ಧೂಳಿನ ಕಣ ಸಿಕ್ಕಿಕೊಂಡಿದೆ ಎಂದು ಬರಿಗಣ್ಣಿನಲ್ಲಿ ಹುಡುಕುವ ಕೆಲಸ. ಅಕ್ಕ ಸಿಡ್ನಿಯಲ್ಲಿ ನರ್ಸ್ ಆಗಿದ್ದರಿಂದ ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದು, ಟಿವಿ ಟ್ಯೂಬಿನ ಕಾರ್ಖಾನೆಯೊಂದರಲ್ಲಿ ಅದೇ ಕೆಲಸ ಮಾಡಿದರು. ಅದು ಮುಚ್ಚಿದ ಮೇಲೆ ರಿಟೈರ್ ಆಗುವವರೆಗೆ ಸಿಡ್ನಿಯದೇ ಲಿವರ್‌ಪೂಲಿನ ಆಸ್ಪತ್ರೆಯಲ್ಲಿ ಆಪರೇಷನ್ ಕತ್ತರಿ, ಚಿಮಟಗಳನ್ನು ಕ್ರಿಮಿ ಇಲ್ಲದಂತೆ ಶುದ್ಧ ಮಾಡುವ ವಿಭಾಗದಲ್ಲಿದ್ದರು. ಮದುವೆ ಆಗಲಿಲ್ಲ. "ನೋಡಿದ್ದೆ ಮೂರು ಮಂದಿಯನ್ನು. ಮೂರೂ ರಿಜೆಕ್ಟ್" ಎನ್ನುತ್ತಿದ್ದರು.

ರಿಜೆಕ್ಟ್ ಎಂಬುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು. ಟೊಮೆಟೊ ರಿಜೆಕ್ಟ್. ನಾನು ಗುಡಿಸಿದ ನೆಲ ರಿಜೆಕ್ಟ್. ಭಾನುವಾರದ ಫಾದರ್ ಅವರ ಉಪದೇಶ ಕೂಡ ಕೆಲವು ಸಲ ರಿಜೆಕ್ಟ್. ಮದುವೆಗೆ ಮೊದಲು ನನ್ನ ಗಂಡನನ್ನು ಕರೆದುಕೊಂಡು ಹೋಗಿ ತೋರಿಸಿದಾಗ ಅವನ ಎದುರೇ, "ಪಾಸ್. ಆದ್ರೆ ಬಾರ್ಡರ್" ಎಂದುಬಿಟ್ಟರು. ಅವನು ಈಗಲೂ ಅದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಾನೆ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನೋಡದೆ ಮಾತಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. "ಮೊದಲು ನೋಡು, ಮತ್ತೆ ಬಾಯಿ ಬಿಡು" ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನನಗೆ ಮೊದಲನೆಯ ಕೆಲಸ ಸಿಗುವವರೆಗೆ, ಇಂಟರ್‌ವ್ಯೂಗೆ ಹೋಗುವ ಪ್ರತಿ ಬೆಳಿಗ್ಗೆ ಕಾಲರ್ ಸರಿಮಾಡಿ ಕಳಿಸುತ್ತಿದ್ದವರೂ ಅವರೇ.

ಮದುವೆಯಾಗಿ ನಾನು ಮೆಲ್ಬರ್ನಿಗೆ ಬಂದೆ. ಕ್ಲೈಡ್ ನಾರ್ತಿನಲ್ಲಿ ಮನೆ. ಅಲ್ಲಿನ ನಮ್ಮ ಕನ್ನಡದವರಲ್ಲಿ ಒಬ್ಬರು ಸರ್ ಇದ್ದರು. ಮೈಸೂರಿನವರು, ಇಲ್ಲಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ರಿಟೈರ್ ಆದವರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ, ಎಲ್ಲರಿಗೂ ಅವರು ಸರ್. ನನಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿದ್ದು ಅವರು ಕೊಟ್ಟ ರೆಫರೆನ್ಸಿನಿಂದ. ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ತಡವಾಯಿತು. ನನ್ನ ಬಾಣಂತನ ಮಾಡಿದವರು ಸರ್ ಅವರ ಹೆಂಡತಿ. ಮೂವತ್ತು ದಿನ ತಪ್ಪದೆ ಬಂದು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ನನಗೆ ಮೆಣಸಿನ ಸಾರು ಮಾಡಿಟ್ಟು ಹೋಗುತ್ತಿದ್ದರು. ಇದನ್ನೆಲ್ಲ ಹೇಳಲೇಬೇಕು. ಹೇಳದಿದ್ದರೆ ಮುಂದೆ ನಾನು ಬಾಯಿಗೆ ಬೀಗ ಹಾಕಿಕೊಂಡು ಯಾಕೆ ನಿಂತೆ ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

ಸರ್ ಒಂದು ಕ್ಲಬ್ಬಿನ ಸದಸ್ಯರಾಗಿದ್ದರು. ಹಳೆಯ ಕಂಪ್ಯೂಟರುಗಳನ್ನು ಮತ್ತೆ ನಡೆಸುವ ಹುಚ್ಚಿನ ಹತ್ತು ಹದಿನೈದು ಮುದುಕರು, ಒಂದು ದೊಡ್ಡ ತಗಡಿನ ಶೆಡ್ಡು. ಚಿಪ್‌ಗಳು ಬರುವ ಮೊದಲು ಕಂಪ್ಯೂಟರಿಗೆ ನೆನಪು ಹೇಗಿತ್ತು ಎಂದು ತೋರಿಸಲು ಅವರು ಒಂದು ಮಾದರಿ ಕಟ್ಟುತ್ತಿದ್ದರು. ಒಂದು ದಿನ ಊಟಕ್ಕೆ ಸೇರಿದ್ದಾಗ ಸರ್ ನಮಗೆಲ್ಲ ಚೆನ್ನಾಗಿಯೇ ವಿವರಿಸಿದರು. ಟಿವಿಯ ಪಿಕ್ಚರ್ ಟ್ಯೂಬಿನಂಥದೇ ಸಣ್ಣ ಗಾಜಿನ ಟ್ಯೂಬು. ಹಿಂದಿನಿಂದ ಎಲೆಕ್ಟ್ರಾನುಗಳ ಕಿರಣ ಬಂದು ಮುಖದ ಒಳಲೇಪಕ್ಕೆ ತಾಗಿದ ಕಡೆ ಒಂದು ಚುಕ್ಕಿಯಷ್ಟು ಚಾರ್ಜ್ ಕೂರುತ್ತದೆ. ಒಂದು ಚುಕ್ಕಿ ಒಂದು ನೆನಪು. ಗಾಜಿನ ಹೊರಗೆ ಅಂಟಿಸಿದ ಲೋಹದ ಜಾಲರಿ ಅದನ್ನು ಓದುತ್ತದೆ. ಆದರೆ ಆ ಚಾರ್ಜು ರೆಪ್ಪೆ ಬಡಿಯುವುದರೊಳಗೆ ಸೋರಿಹೋಗುತ್ತದೆ. ಹೋಗುವ ಮೊದಲೇ ಯಂತ್ರ ಅದನ್ನು ಓದಿ ಅಲ್ಲೇ ಮತ್ತೆ ಬರೆಯಬೇಕು, ಬರೆಯುತ್ತಲೇ ಇರಬೇಕು. "ನಮ್ಮ ಹತ್ರ ಹಳೇ ಟ್ಯೂಬು ನೂರ ಅರವತ್ತು ಚಿಲ್ಲರೆ ಇವೆ ಕಣಮ್ಮಾ. ಒಂದೂ ನೆಟ್ಟಗೆ ನೆನಪಿಟ್ಕೊಳ್ತಿಲ್ಲ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಹೇಳೋ ಕಣ್ಣು ಈಗ ಯಾರಿಗೂ ಇಲ್ಲ" ಎಂದರು.

"ನಮ್ಮ ಸಿಡ್ನಿ ಆಂಟಿಗಿದೆ ಸರ್" ಎಂದೆ. ನಾನೇ ಹೇಳಿದ್ದು.

2016ರ ಚಳಿಗಾಲದಲ್ಲಿ ಆಂಟಿ ಒಂದು ಸೂಟ್‌ಕೇಸ್, ಒಂದು ಕಪ್ಪು ಬಟ್ಟೆ, ಚಾ ಫ್ಲಾಸ್ಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಏಳು ವಾರ ಇದ್ದರು. ನಾನು ಇನ್ನೂ ಹೆರಿಗೆ ರಜೆಯಲ್ಲಿದ್ದೆ. ದಿನಾ ಬೆಳಿಗ್ಗೆ ಮಗಳನ್ನು ಕಾರಿನ ಹಿಂದಿನ ಸೀಟಿಗೆ ಕಟ್ಟಿ ಆಂಟಿಯನ್ನು ಶೆಡ್ಡಿಗೆ ಬಿಟ್ಟು, ಸಂಜೆ ಹೋಗಿ ಕರೆತರುತ್ತಿದ್ದೆ. ಮೊದಲ ದಿನ ಆ ಮುದುಕರು ಅವರಿಗೆ ಕುರ್ಚಿ ಕೊಟ್ಟು, ಬಿಸ್ಕತ್ತು ಕೊಟ್ಟು, ಮುಗುಳ್ನಕ್ಕು ತಮ್ಮ ಮಾತಿಗೆ ತಿರುಗಿದರು. ಆಂಟಿ ಬಿಸ್ಕತ್ತು ಪಕ್ಕಕ್ಕಿಟ್ಟು, ಸಾಮಾನಿನ ಕೋಣೆಯೊಳಗೆ ಹೋಗಿ, ಬಾಗಿಲ ಸಂದಿಗೆಲ್ಲ ರಟ್ಟು ತುರುಕಿ ಕತ್ತಲೆ ಮಾಡಿಸಿದರು. ಇಪ್ಪತ್ತು ನಿಮಿಷ ಸುಮ್ಮನೆ ಕೂತರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅಷ್ಟು ಬೇಕಂತೆ. ಆಮೇಲೆ ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಮೊದಲ ಟ್ಯೂಬು ಬೆಳಗಿಸಲು ಹೇಳಿದರು.

ಹಾಗೆ ನೂರ ಅರವತ್ತು ಚಿಲ್ಲರೆ. ಪ್ರತಿಯೊಂದಕ್ಕೂ ಚೌಕುಳಿ ಕಾಗದದ ಪುಸ್ತಕದಲ್ಲಿ ಒಂದು ಪುಟ. ಎಲ್ಲಿ ಲೇಪದಲ್ಲಿ ಕಣ ಇದೆಯೋ ಅಲ್ಲಿ ಪೆನ್ಸಿಲಿನ ಗುರುತು, ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿ: "ಎಡ ಮೂಲೆ ಎರಡು ಕಣ, ನಡು ಒಳ್ಳೆದುಂಟು." "ಪೂರಾ ರಿಜೆಕ್ಟ್." ಒಂದು ಕಣ ಇದ್ದರೆ ಏನಾಗುತ್ತದೆ ಎಂದು ನಾನು ಕೇಳಿದೆ. "ಕಾವಲಿಯಲ್ಲಿ ಒಂದೇ ಕಡೆ ದೋಸೆ ಹಿಡೀತದಲ್ವಾ? ಹಾಗೆಯೇ. ಆ ಚುಕ್ಕಿಯಲ್ಲಿ ಚಾರ್ಜ್ ಸರಿ ಕೂರುದಿಲ್ಲ. ನೀನು ಎಷ್ಟು ಸಲ ಬರೆದ್ರೂ ಅದು ತಪ್ಪೇ ಓದ್ತದೆ" ಎಂದರು. ಐದನೆಯ ವಾರದ ಹೊತ್ತಿಗೆ ಒಂಬತ್ತು ಟ್ಯೂಬುಗಳು ಪಾಸಾದವು. ಗಾಜಿನ ಮುಖವನ್ನು ಹೇಗೆ ಒರೆಸಬೇಕು, ಬೆರಳಿನ ಜಿಡ್ಡು ತಾಗದ ಹಾಗೆ ಹೇಗೆ ಹಿಡಿಯಬೇಕು ಎಂದು ಆ ಮುದುಕರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಲಿಸಿದರು. ಆಗ ಯಾರೂ ಮುಗುಳ್ನಗಲಿಲ್ಲ, ಕಿವಿಗೊಟ್ಟು ಕೇಳಿದರು.

ಒಳ್ಳೆಯ ಟ್ಯೂಬು ಹಾಕಿದ ಮೇಲೂ ಒಂದು ಕಾಟ ಉಳಿಯಿತು. ಒಂದೊಂದು ಸಲ ಇದ್ದಕ್ಕಿದ್ದಂತೆ ಬರೆದದ್ದೆಲ್ಲ ಕಲಸಿಹೋಗುತ್ತಿತ್ತು. ಸರ್ ನಕ್ಷೆ ಹರಡಿಕೊಂಡು ಸರ್ಕ್ಯೂಟಿನಲ್ಲೇ ತಪ್ಪಿದೆ ಎಂದು ಎರಡು ವಾರ ಬಿಚ್ಚಿ ಕಟ್ಟಿಸಿದರು. ಆಂಟಿ ಕಲಸಿದಾಗಲೆಲ್ಲ ಗಡಿಯಾರ ನೋಡಿ ಹೊತ್ತನ್ನು ಅದೇ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಶೆಡ್ಡಿನ ಮೂಲೆಯಲ್ಲಿ ಚಾಕ್ಕೆ ನೀರು ಕಾಯಿಸುವ ದೊಡ್ಡ ಸ್ಟೀಲ್ ಪಾತ್ರೆ ಇತ್ತು, ಇಲ್ಲಿನವರು ಅರ್ನ್ ಎನ್ನುವುದು. ನೀರು ಆರಿದಾಗ ಅದು ಟಿಕ್ ಎಂದು ತಾನಾಗಿ ಆನ್ ಆಗುತ್ತದೆ. ಎರಡನೆಯ ವಾರದ ಕೊನೆಗೆ ಒಂದು ದಿನ ಆಂಟಿ ಎದ್ದು ಹೋಗಿ ಅದರ ಪ್ಲಗ್ ಕಿತ್ತರು. ಅವತ್ತು ಸಂಜೆಯವರೆಗೆ ಒಂದು ಚುಕ್ಕಿಯೂ ಕದಲಲಿಲ್ಲ. ಟಿಕ್ ಎಂದಾಗಲೆಲ್ಲ ಅರ್ನಿನ ಸ್ವಿಚ್ಚಿನಲ್ಲಿ ಹಾರುತ್ತಿದ್ದ ಸಣ್ಣ ಕಿಡಿಯ ಅಲೆ ಟ್ಯೂಬಿನ ನೆನಪನ್ನು ಅಳಿಸುತ್ತಿತ್ತು. "ನೀವೆಲ್ಲ ಚಾ ಕುಡೀಲಿಕ್ಕೆ ಎದ್ದು ಹೋಗುವಾಗ ಇದು ಕೂತು ಎಲ್ಲ ಮರೀತಿತ್ತು ಮಾರ್ರೆ" ಎಂದು ಸರ್‌ಗೆ ಹೇಳಿ ನಕ್ಕರು. ಸರ್ ಕೂಡ ನಕ್ಕರು. ಅವತ್ತಿನಿಂದ ಅರ್ನ್ ಅಂಗಳಕ್ಕೆ ಹೋಯಿತು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಆಂಟಿಯ ಕನ್ನಡದ ಪುಸ್ತಕವನ್ನು ಕ್ಲಬ್ಬಿಗಾಗಿ ಇಂಗ್ಲಿಷಿಗೆ ಮಾಡಿ ಟೈಪ್ ಮಾಡಿಕೊಟ್ಟವಳು ನಾನು. ಒಳಗಿನ ಪುಟಗಳನ್ನು ಒಂದಕ್ಷರ ಬಿಡದೆ ಮಾಡಿದೆ. ಮೇಲಿನ ಪುಟ ಹೇಗಿರಬೇಕು ಎಂದು ಯೋಚಿಸಲೇ ಇಲ್ಲ. ನಮ್ಮ ಕಡೆ ಇಂಜಿನಿಯರಿಂಗ್ ಓದಿದ ಯಾರನ್ನಾದರೂ ಕೇಳಿ, ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟ ನಿದ್ದೆಗಣ್ಣಿನಲ್ಲೂ ಬರೆಯುತ್ತಾರೆ. ನಡುವೆ ಶೀರ್ಷಿಕೆ. ಕೆಳಗೆ ಸಣ್ಣಗೆ, ಸಲ್ಲಿಸಿದವರು ಇಂಥವರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಇಂಥವರ ಮಾರ್ಗದರ್ಶನದಲ್ಲಿ. ಗೈಡ್ ಮುಖವನ್ನೇ ನೋಡಿರದಿದ್ದರೂ ಆ ಸಾಲು ಇರಲೇಬೇಕು, ಇಲ್ಲದಿದ್ದರೆ ಸಹಿ ಬೀಳುವುದಿಲ್ಲ. ನಾನೂ ಹಾಗೆಯೇ ಮಾಡಿದೆ. ಸಲ್ಲಿಸಿದವರು ಎಂದು ಆಂಟಿಯ ಹೆಸರು ಹಾಕಿ, ಕೆಳಗೆ ಸರ್ ಅವರ ಹೆಸರನ್ನು ಎಲ್ಲ ಡಿಗ್ರಿಗಳ ಸಮೇತ ದಪ್ಪಗೆ ಕೂರಿಸಿದೆ. ದೊಡ್ಡವರು, ಉಪಕಾರ ಮಾಡಿದವರು, ಒಂದು ಸಾಲು ಬರೆದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ. ಸರ್ ಓದಿ, "ಅಚ್ಚುಕಟ್ಟಾಗಿದೆ ಕಣಮ್ಮಾ" ಎಂದರು. ಆ ಸಾಲನ್ನು ಹೊಡೆದು ಹಾಕು ಎಂದು ಅವರು ಹೇಳಲಿಲ್ಲ. ಆಂಟಿಗೆ ನಾನು ಮೊದಲ ಪುಟ ತೋರಿಸಲೂ ಇಲ್ಲ.

ನವೆಂಬರಿನಲ್ಲಿ ಕ್ಲಬ್ಬಿನ ಓಪನ್ ಡೇ ಇಟ್ಟರು. ಆಂಟಿ ಹೊಸ ಸೀರೆ ಉಟ್ಟುಕೊಂಡು ಸಿಡ್ನಿಯಿಂದ ಬಂದರು. ಯಂತ್ರ ಸೊಗಸಾಗಿ ನಡೆಯುತ್ತಿತ್ತು. ಟ್ಯೂಬಿನ ಮುಖದ ಮೇಲೆ ಹಸಿರು ಚುಕ್ಕಿಗಳು ನಿಂತಿದ್ದವು. ಗೋಡೆಯ ಮೇಲೆ ಹೊಸ ಬೋರ್ಡು. ಟ್ಯೂಬುಗಳ ಪರೀಕ್ಷೆ ಮತ್ತು ಆಯ್ಕೆ, ನೆನಪು ಅಳಿಸುತ್ತಿದ್ದ ದೋಷದ ಪತ್ತೆ: ಎದುರಿಗೆ ಸರ್ ಅವರ ಹೆಸರು. ಬೇರೆ ಹೆಸರಿಲ್ಲ. ಆಂಟಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಎರಡನೆಯ ಸಲ ಓದಿದರು. ಆಮೇಲೆ ನೇರವಾಗಿ ಕ್ಲಬ್ಬಿನ ಅಧ್ಯಕ್ಷನ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಕೇಳಿದರು, ಇಲ್ಲಿ ನನ್ನ ಹೆಸರು ಯಾಕಿಲ್ಲ ಎಂದು.

ಅವನು ಒಳ್ಳೆಯ ಮುದುಕ. ಚಳಿಗಾಲವೆಲ್ಲ ಮಗಳ ಮನೆಯಲ್ಲಿದ್ದು ಆಂಟಿಯ ಕೆಲಸವನ್ನು ನೋಡಿರದ ಅವನು, ಫೈಲು ನೋಡಿಯೇ ಬೋರ್ಡು ಬರೆಸಿದ್ದ. ಗಾಬರಿಯಾಗಿ ಫೈಲು ತಂದ. ನಾನು ಟೈಪ್ ಮಾಡಿದ ಮೊದಲ ಪುಟ ತೆರೆದು, ಇದರಲ್ಲಿ ಕೆಲಸ ನಡೆಸಿದ್ದು ಇವರು, ಬರೆದುಕೊಂಡದ್ದು ನೀವು ಎಂದಿದೆಯಲ್ಲ ಎಂದ. ಹಾಗಲ್ಲದಿದ್ದರೆ ಈ ಪುಟ ಬರೆದವರು ತಪ್ಪಾಗಿದೆ ಎಂದು ಒಂದು ಪತ್ರ ಕೊಡಲಿ, ಬೋರ್ಡು ಬದಲಾಯಿಸುತ್ತೇವೆ ಎಂದ.

ಪುಟ ಬರೆದವಳು ಅಲ್ಲೇ ನಿಂತಿದ್ದೆ. ಹತ್ತು ಹೆಜ್ಜೆ ಆಚೆ ಸರ್ ಯಾರಿಗೋ ಯಂತ್ರ ವಿವರಿಸುತ್ತಿದ್ದರು. ಅವರ ಹೆಂಡತಿಯ ಸೊಂಟದ ಮೇಲೆ ನನ್ನ ಮಗಳು ಕೂತು ಅವರ ಸರ ಎಳೆಯುತ್ತಿದ್ದಳು. ಆಂಟಿ ತಿರುಗಿ ನನ್ನ ಮುಖ ನೋಡಿದರು. ಮೂಗಿನ ಮೇಲೆ ಕೋಪ ಇರುವವಳಂತೆ ನಾನು! ಟ್ರಾಫಿಕ್ಕಿನಲ್ಲಿ, ಆಫೀಸಿನಲ್ಲಿ, ಗಂಡನ ಮೇಲೆ ಉರಿದು ಬೀಳುವವಳು, ಅಲ್ಲಿ ಹಲ್ಲು ಕಚ್ಚಿಕೊಂಡು ನೆಲ ನೋಡಿದೆ. "ಆಮೇಲೆ ಮಾತಾಡೋಣ ಆಂಟಿ" ಎಂದೆ.

ಮಾರನೆಯ ದಿನ ನಮ್ಮವರ ರಾಜ್ಯೋತ್ಸವ. ಶಾಲೆಯ ಹಾಲಿನಲ್ಲಿ ಸರ್‌ಗೆ ಸನ್ಮಾನ. ಅಳಿದುಹೋದ ತಂತ್ರಜ್ಞಾನಕ್ಕೆ ಜೀವ ಕೊಟ್ಟ ಕನ್ನಡಿಗ ಎಂದು ನಿರೂಪಕಿ ಕೂಗಿದಳು. ಶಾಲು, ಪೇಟ, ಹಾರ, ಫಲತಾಂಬೂಲ ಇಟ್ಟ ತಟ್ಟೆ ಹಿಡಿಯಲು ಹಿರಿಯ ಮುತ್ತೈದೆಯರು ಯಾರೂ ಹತ್ತಿರ ಇರಲಿಲ್ಲವೋ ಏನೋ, ಕಮಿಟಿಯ ಒಬ್ಬಳು ಮುಂದಿನ ಸಾಲಿನಲ್ಲಿದ್ದ ಆಂಟಿಯನ್ನು ಎಬ್ಬಿಸಿ, "ಆಂಟಿ, ಪ್ಲೀಸ್, ಇದೊಂದ್ ಸ್ವಲ್ಪ ಹಿಡ್ಕೊಂಡ್ ನಿಂತ್ಕೊಳ್ಳಿ" ಎಂದು ಕೈಗೆ ಕೊಟ್ಟಳು. ಆಂಟಿ ಹಿಡಿದು ನಿಂತರು! ಅವರೇ ಆರಿಸಿದ ಟ್ಯೂಬುಗಳಿಗಾಗಿ ಇನ್ನೊಬ್ಬರಿಗೆ ಹಾಕುವ ಶಾಲನ್ನು ಅವರೇ ಹಿಡಿದು ನಿಂತರು. ಸರ್ ಮೈಕಿನಲ್ಲಿ, "ಅನೇಕರು ಸಹಾಯ ಮಾಡಿದ್ದಾರೆ, ಸಿಡ್ನಿಯಿಂದ ನಮ್ಮ ಆಂಟಿ ಕೂಡ ಬಂದು ಕೈಜೋಡಿಸಿದ್ರು, ಒಳ್ಳೆ ಚಾ ಕುಡಿಸಿದ್ರು" ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಗಂಡನ ತೋಳು ಹಿಂಡಿದೆ.

ಆಂಟಿ ಮನೆಗೆ ಬಂದು ಸೀರೆ ಬದಲಾಯಿಸಿ, ಅಡುಗೆಮನೆಯ ಕುರ್ಚಿಯಲ್ಲಿ ಕೂತು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಆ ಪುಟ ನಾನೇ ಬರೆದದ್ದು, ನಮ್ಮ ಕಾಲೇಜಿನಲ್ಲಿ ಹಾಗೇ ಬರೆಯುವುದು ಎಂದು ಒಪ್ಪಿಕೊಂಡೆ. ಹೇಳುತ್ತಾ ಅಳು ಬಂದುಬಿಟ್ಟಿತು.

"ಅಳುದು ಯಾಕೆ? ನಾನು ಸತ್ತಿಲ್ಲ ಇನ್ನೂ," ಎಂದರು. "ನಂಗೆ ಶಾಲು ಬೇಡ. ಭಾಷಣ ಬೇಡ. ಬೆಂಗಳೂರಲ್ಲಿ ಹದಿನಾರು ವರ್ಷ, ಇಲ್ಲಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ನೋಡಿದೆ. ಒಂದು ಡಬ್ಬಿಯ ಮೇಲೆ ಸಹ ನನ್ನ ಹೆಸರು ಬರ್ಲಿಲ್ಲ, ನಾನು ಕೇಳ್ಲೂ ಇಲ್ಲ. ಇದೊಂದು ನಾನೇ ಮಾಡಿದ್ದು. ಅವ ಪತ್ರ ಕೊಡಿ ಅಂದ. ನೀನು ಬರೆದದ್ದು, ನೀನೇ ತಪ್ಪು ಅಂತ ಬರ್ದು ಕೊಡು. ನಾನು ಬಂದು ನೋಡ್ತೇನೆ."

"ಬರೀತೀನಿ ಆಂಟಿ. ಮುಂದಿನ ವಾರನೇ ಬರೀತೀನಿ."

ಆ ಮುಂದಿನ ವಾರ ಬರಲೇ ಇಲ್ಲ. ಪ್ರತಿ ಭಾನುವಾರ ಚರ್ಚಿನಿಂದ ಬಂದ ಮೇಲೆ ಅವರ ಫೋನು ಬರುತ್ತಿತ್ತು. ಮಗಳು ಹೇಗಿದ್ದಾಳೆ, ಊಟ ಮಾಡ್ತಾಳಾ, ಕನ್ನಡ ಮಾತಾಡ್ತಾಳಾ ಎಂದೆಲ್ಲ ಕೇಳಿ ಕೊನೆಗೆ, "ಬರ್ದಾಯ್ತಾ?" ಎನ್ನುತ್ತಿದ್ದರು. ಬೈಯುತ್ತಿರಲಿಲ್ಲ. ಆಫೀಸು ಎಂದೆ, ಮಗಳಿಗೆ ಜ್ವರ ಎಂದೆ, ಅಧ್ಯಕ್ಷ ಊರಲ್ಲಿಲ್ಲ ಎಂದು ಒಮ್ಮೆ ಶುದ್ಧ ಸುಳ್ಳು ಹೇಳಿದೆ. ಕಾರಣ ಇಷ್ಟೇ: ಸರ್ ಏನೆಂದುಕೊಳ್ಳುತ್ತಾರೋ, ಅವರ ಹೆಂಡತಿಯ ಮುಖ ಹೇಗೆ ನೋಡಲಿ, ಸನ್ಮಾನ ಮಾಡಿದ ಜನ ನನ್ನನ್ನು ಮನೆಗೆ ಸೇರಿಸುತ್ತಾರೋ ಇಲ್ಲವೋ. ಎರಡು ಸಲ ಬರೆಯಲು ಕೂತು, "ಗೌರವಪೂರ್ವಕವಾಗಿ" ಎಂಬಲ್ಲಿಗೇ ನಿಲ್ಲಿಸಿದೆ. ಅವತ್ತಿನ ನನ್ನನ್ನು ನೆನೆದರೆ ಕೆನ್ನೆಗೆ ನಾಲ್ಕು ಬಿಗಿಯಬೇಕು ಅನಿಸುತ್ತದೆ. ಗಂಡ ಕೂಡ, "ಸುಮ್ನೆ ಯಾಕೆ ಎಲ್ರನ್ನೂ ಎದುರು ಹಾಕ್ಕೊಳ್ತೀಯ? ಆಂಟಿ ಮರೀತಾರೆ ಬಿಡು" ಎಂದ. ಹಾಗೆಂದದ್ದಕ್ಕೆ ಅವನ ಮೇಲೆ ಇವತ್ತಿಗೂ ಕೋಪವಿದೆ, ಅವನಿಗೂ ಗೊತ್ತಿದೆ.

ಹದಿನಾಲ್ಕು ತಿಂಗಳು. ಕೊನೆಯ ಮೂರು ಭಾನುವಾರ ಆಂಟಿ ಆ ಪ್ರಶ್ನೆ ಕೇಳಲಿಲ್ಲ. ನನಗೆ ಎದೆಯ ಭಾರ ಇಳಿದ ಹಾಗಾಯಿತು. ನಾಚಿಕೆಗೆಟ್ಟವಳು, ಇಳಿದ ಹಾಗಾಯಿತು! ಅವರಿಗೆ ಆಗಲೇ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಅಕ್ಕನ ಮಗಳು ಫೋನು ಮಾಡಿ ಹೇಳಿದಾಗ ಆಂಟಿ ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲೇ ಮಲಗಿದ್ದರು. ಮೊದಲ ಫ್ಲೈಟು ಹಿಡಿದು ಹೋದೆ. ಎರಡು ಮಧ್ಯಾಹ್ನ ಪಕ್ಕದಲ್ಲಿ ಕೂತೆ. ಎಚ್ಚರವಿದ್ದಾಗ ನರ್ಸಿನ ಟ್ರೇಯಲ್ಲಿದ್ದ ಕತ್ತರಿಯನ್ನು ನೋಡಿ, "ಕ್ಲೀನ್ ಉಂಟು" ಎಂದರು. ಮಗಳಿಗೆ ಈಗ ಎಷ್ಟು ಹಲ್ಲು ಎಂದು ಕೇಳಿದರು. ಅವರು ಕೇಳಲಿ, ಇವತ್ತೇ ಬರೀತೀನಿ ಎಂದು ಹೇಳೋಣ ಎಂದು ಕಾದೆ. ಕೇಳಲಿಲ್ಲ. ನಾನಾಗಿ ಬಾಯಿ ತೆರೆದೆ, "ಆಂಟಿ, ಆ ಪತ್ರ..." ಎಂದೆ. ಅವರು ಕಣ್ಣು ಮುಚ್ಚಿಕೊಂಡೇ, "ಬಿಡು. ನಿಂಗೆ ಆಗುದಿಲ್ಲ ಅದು" ಎಂದರು. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ನೋಡಿ, ತೂಗಿ, ಗುರುತು ಹಾಕಿ ಹೇಳಿದ ಮಾತು ಅದು. ಮರುದಿನ ಬೆಳಿಗ್ಗೆ ಹೋದರು.

ಮಣ್ಣು ಮಾಡಿ ಬಂದು, ಅವರ ಯೂನಿಟ್‌ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪತ್ರ ಬರೆದೆ. ಆರು ಸಾಲು. ಆ ಪುಟ ಬರೆದವಳು ನಾನು. ಅದರಲ್ಲಿ ಮಾರ್ಗದರ್ಶನ ಎಂದಿರುವುದು ಸುಳ್ಳು. ಟ್ಯೂಬುಗಳನ್ನು ಆರಿಸಿದವರು, ದೋಷ ಪತ್ತೆ ಮಾಡಿದವರು ಇವರು, ಇವರೊಬ್ಬರೇ. ಕನ್ನಡದ ಮೂಲ ಪುಸ್ತಕ ನನ್ನ ಹತ್ತಿರ ಇದೆ. ಅಧ್ಯಕ್ಷನಿಗೆ 'ಸೆಂಡ್' ಒತ್ತಿದೆ. ಕಾಪಿ ಸರ್‌ಗೂ ಹಾಕಿದೆ.

ಮೂರನೆಯ ದಿನ, ನಾನು ಮೆಲ್ಬರ್ನಿಗೆ ಮರಳಿದ ಮೇಲೆ, ಉತ್ತರ ಬಂತು. ಬೋರ್ಡು ಬದಲಾಯಿಸಿದ್ದೇವೆ, ತಡವಾದದ್ದಕ್ಕೆ ಕ್ಷಮಿಸಿ ಎಂದು ಆ ಮುದುಕ ಬರೆದು ಫೋಟೋ ಕಳಿಸಿದ್ದ. ಅದೇ ಸಂಜೆ ಸರ್ ಫೋನು ಮಾಡಿದರು. ಅವರು ಕೂಗಾಡುತ್ತಾರೆ, ನಾನೂ ಕೂಗಾಡುತ್ತೇನೆ, ಹದಿನಾಲ್ಕು ತಿಂಗಳದ್ದೆಲ್ಲ ತೀರಿಸಿಕೊಳ್ಳುತ್ತೇನೆ ಎಂದು ಗಟ್ಟಿಯಾಗಿ ನಿಂತು ಎತ್ತಿಕೊಂಡೆ.

"ಅಯ್ಯೋ, ಇಷ್ಟೇನಾ ಕಣಮ್ಮಾ?" ಎಂದರು ಸರ್. ದನಿಯಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ. "ನಾನೆಲ್ಲಿ ಬೇಡ ಅಂದೆ? ನೀನು ಹಾಗೆ ಬರ್ದಿದ್ದೆ, ಅವ್ರು ಹಾಗೆ ಹಾಕಿದ್ರು. ನಾನೂ ಸುಮ್ನಿದ್ದೆ, ನನ್ನದೂ ತಪ್ಪೇ. ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?"

ಫೋನು ಗೋಡೆಗೆ ಎಸೆದೆ. ಒಡೆಯಿತು. ಅವರ ಮೇಲಿನ ಸಿಟ್ಟಿಗೆ ಎಸೆದೆ ಎಂದು ಗಂಡ ತಿಳಿದುಕೊಂಡ.

ಆಂಟಿಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ನನ್ನ ಪಶ್ಚಾತ್ತಾಪದ ಬರಹದಲ್ಲಿ ತಮ್ಮ ಹೆಸರು ಬರಲಿ ಎಂದು ಅವರು ಕೇಳಿರಲಿಲ್ಲ. ಅದು ಆ ಬೋರ್ಡಿನಲ್ಲಿದೆ. ಬೇಕಾದವರು ಶೆಡ್ಡಿಗೆ ಹೋಗಿ ಓದಿಕೊಳ್ಳಿ. ಶನಿವಾರಗಳಲ್ಲಿ ತೆರೆದಿರುತ್ತದೆ. ಅವರು ಬಂದು ನೋಡುತ್ತೇನೆ ಎಂದಿದ್ದರು. ಮೂರು ದಿನದ ಕೆಲಸವಾಗಿತ್ತು.